ಹುಳಿನೀರಿನಲ್ಲಿ ಕಂಡ ಬಿಳಿ

ಇದು ನೂಲಿಗೆ ಬಣ್ಣ ಹಾಕುವವರ ಓಣಿಯ ಕಥೆ. ಆ ಓಣಿಯಲ್ಲಿ ಯಾರ ಮನೆಯ ಗುಟ್ಟೂ ಬಹಳ ದಿನ ಒಳಗೆ ಉಳಿಯುವುದಿಲ್ಲ. ನೂಲಿನ ಲಡಿಗಳ ಜೊತೆಗೆ ಅದೂ ಒಂದು ದಿನ ಹೊರಗೆ ಬಂದು ಗಳದ ಮೇಲೆ ನೇತಾಡುತ್ತದೆ.

ಓಣಿಯ ಕೊನೆಯ ಬಣ್ಣದ ಮನೆಯ ಯಜಮಾನನನ್ನು ಎಲ್ಲರೂ ಬಣ್ಣಗಾರ ಎಂದೇ ಕರೆಯುತ್ತಿದ್ದರು. ಮೊಣಕೈವರೆಗೆ ನೀಲಿ ಹತ್ತಿದ ಕೈ. ಮಾತು ಕಡಿಮೆ. ಬೆಳಿಗ್ಗೆ ಒಲೆ ಹೊತ್ತಿಸುವ ಮುಂಚೆ ದೇವರನ್ನು ನೆನೆಯುವಾಗ ಮಾತ್ರ ಅವನ ತುಟಿ ಅಲ್ಲಾಡುತ್ತಿತ್ತು. ಅಂಥವನು ಮಳೆಗಾಲ ಮುಗಿಯುವ ಹೊತ್ತಿಗೆ ಚಾಪೆ ಸುತ್ತಿಕೊಂಡು, "ಒಲೆಗೆ ಕಾವಲು ಬೇಕು" ಎಂದು ಹೇಳಿ, ಮನೆ ಬಿಟ್ಟು ಬಣ್ಣದ ಮನೆಯಲ್ಲೇ ಮಲಗತೊಡಗಿದ. ಒಲೆಯೇನು ಕಾಲು ಬಂದು ಓಡಿಹೋಗುತ್ತದೆಯೇ? ಓಣಿಯ ಜನ ಮುಖ ಮುಖ ನೋಡಿಕೊಂಡರು. ಹೆಂಡತಿ ಏನೂ ಅನ್ನಲಿಲ್ಲ. ಅವಳು ಸುಮ್ಮನಿದ್ದದ್ದು ನೋಡಿ ಜನಕ್ಕೆ ಇನ್ನೂ ಭಯವಾಯಿತು.

ನಡೆದದ್ದು ಇಷ್ಟು. ಸ್ನಾನ ಮಾಡುವಾಗ ಒಂದು ದಿನ ಬಣ್ಣಗಾರನಿಗೆ ತನ್ನ ಗುಪ್ತಾಂಗದ ಮೇಲೆ ಸಣ್ಣ ಗುಳ್ಳೆಗಳು ಕೈಗೆ ಸಿಕ್ಕವು. ನೋವಿಲ್ಲ, ತುರಿಕೆಯಿಲ್ಲ. ನೋಡಿದರೆ ಹೂಕೋಸಿನ ಚೂರಿನ ಹಾಗೆ, ಮೇಲೆ ಒರಟು. ಕೆಲವು ವಾರ ಕಳೆಯುವಷ್ಟರಲ್ಲಿ ಒಂದರ ಪಕ್ಕ ಇನ್ನೊಂದು ಎದ್ದಿತು. ಅವು ನರಹುಲಿಗಳು ಎಂದು ಅವನಿಗೆ ತಿಳಿಯಿತು. ಆ ಜಾಗದಲ್ಲೂ ನರಹುಲಿ ಏಳುತ್ತದೆಂದು ಅವನು ಕೇಳಿರಲಿಲ್ಲ.

ಬಣ್ಣಗಾರರ ಕೈಗೆ ನರಹುಲಿ ಹೊಸದಲ್ಲ. ಸದಾ ನೀರಿನಲ್ಲಿ ನೆನೆಯುವ ಕೈ. ಅದಕ್ಕೆ ಅವರ ಅಪ್ಪ, ಅಜ್ಜಂದಿರ ಕಾಲದ ಒಂದು ಮದ್ದೂ ಇತ್ತು. ರೇಷ್ಮೆಗೆ ಬಣ್ಣ ಕಚ್ಚಬೇಕಾದರೆ ತೊಟ್ಟಿಗೆ ಹುಳಿ ಬೆರೆಸಬೇಕು. ಅಡುಗೆಮನೆಯ ವಿನೆಗರಿನ ಜಾತಿಯದೇ ಆ ಹುಳಿ. ಆದರೆ ನೀರು ಬೆರೆಸುವ ಮುಂಚೆ ಅದು ಬೆಂಕಿ. ಗಾಜಿನ ಜಾಡಿಯ ಮುಚ್ಚಳ ತೆಗೆದರೆ ಕಣ್ಣಲ್ಲಿ ನೀರು ಬರುತ್ತದೆ. ಆ ಬೆಂಕಿಯಲ್ಲಿ ಕಡ್ಡಿಯ ತುದಿಯನ್ನು ಅದ್ದಿ ಕೈಮೇಲಿನ ನರಹುಲಿಗೆ ಮುಟ್ಟಿಸುವುದು ಆ ಓಣಿಯ ರೂಢಿ. ಚುರ್ ಎನ್ನುತ್ತದೆ, ಸಿಪ್ಪೆ ಏಳುತ್ತದೆ, ಉದುರುತ್ತದೆ.

ಬಣ್ಣಗಾರ ಬಾಗಿಲು ಹಾಕಿಕೊಂಡು ಅದೇ ಕಡ್ಡಿಯನ್ನು ಅಲ್ಲಿಗೆ ಮುಟ್ಟಿಸಿದ.

ಅಂಗೈಯ ಚರ್ಮ ಬೇರೆ, ಆ ಜಾಗದ ಚರ್ಮ ಬೇರೆ. ಹೆಗಲ ಮೇಲಿನ ಬಟ್ಟೆಯನ್ನು ಬಾಯಿಗೆ ತುರುಕಿಕೊಂಡು ಅವನು ನೆಲದ ಮೇಲೆ ಕುಸಿದು ಕೂತ. ಮರುದಿನ ಅಲ್ಲಿ ಹುಣ್ಣಾಗಿತ್ತು. ನರಹುಲಿಗಳು ಮಾತ್ರ ಇದ್ದಲ್ಲೇ ಇದ್ದವು.

ಒಲೆಗೆ ಸೌದೆ ಹಾಕುವವನಿಗೆ ಓಣಿಯಲ್ಲಿ 'ರೇಡಿಯೋ' ಎಂದು ಹೆಸರು. ಬೆಳಿಗ್ಗೆ ಬಾಯಿ ತೆರೆದರೆ ಬೆಂಕಿ ಆರುವ ತನಕ ಮುಚ್ಚುತ್ತಿರಲಿಲ್ಲ.

"ಏನಣ್ಣಾ, ಕುದುರೆ ಸವಾರಿ ಕಲಿತಾ ಇದ್ದೀಯಾ? ಹಿಂಗೆ ಕಾಲು ಅಗಲ ಮಾಡ್ಕೊಂಡು ನಡೀತೀಯಲ್ಲ?"

"ಸೊಂಟ ಹಿಡ್ಕೊಂಡಿದೆ."

"ಸೊಂಟ ಹಿಡ್ಕೊಂಡ್ರೆ ಜನ ಬಗ್ತಾರೆ ಕಣಣ್ಣ. ನೀನು ಹೊಸ್ತಿಲು ದಾಟೋ ಹಂಗೆ ನಡೀತಿದ್ದೀಯ."

ಬಣ್ಣಗಾರನ ಕಿವಿಯಲ್ಲಿ ಇದೇ ರೇಡಿಯೋ ಹಿಂದೆಂದೋ ಯಾರ ಬಗ್ಗೆಯೋ ಆಡಿದ ಮಾತು ಗುಂಯ್‌ಗುಡುತ್ತಿತ್ತು: "ಅಂಥ ಜಾಗದಲ್ಲಿ ಏನಾದ್ರೂ ಎದ್ರೆ, ಗಂಡನೋ ಹೆಂಡ್ತಿಯೋ ಒಬ್ರು ದಾರಿ ತಪ್ಪಿದ್ದಾರೆ ಅಂತಾನೇ ಅರ್ಥ." ಮದುವೆಯಾದ ಮೇಲೆ ಬಣ್ಣಗಾರ ಬೇರೆ ಹೆಣ್ಣಿನತ್ತ ಹೋದವನಲ್ಲ. ದೇವರ ಮುಂದೆ ಕಣ್ಣೆತ್ತಿ ಹೇಳಬಲ್ಲ. ನಾನಲ್ಲ ಎಂದಾದರೆ? ಆ ಯೋಚನೆ ಒಂದು ಹೆಜ್ಜೆ ಮುಂದೆ ಹೋಗುತ್ತಿತ್ತು. ಅಲ್ಲಿಗೆ ಅವನು ಅದರ ಕುತ್ತಿಗೆ ಹಿಡಿದು ಹಿಂದಕ್ಕೆಳೆಯುತ್ತಿದ್ದ. ಕೆಲಸದ ನಡುವೆ ಅದು ಮತ್ತೆ ತಪ್ಪಿಸಿಕೊಂಡು ಮುಂದೆ ಹೋಗುತ್ತಿತ್ತು. ಚಾಪೆ ಹೊರಗೆ ಬಂದದ್ದು ಹುಣ್ಣಿಗಾಗಿ ಅಷ್ಟೇ ಅಲ್ಲ.

ಇನ್ನು ಅವನ ಹೆಂಡತಿ. ಆ ಬಣ್ಣದ ಮನೆಯ ಕಣ್ಣು ಅವಳು. ರೇಷ್ಮೆಯ ಲಡಿಯನ್ನು ಬಣ್ಣಕ್ಕೆ ಇಳಿಸುವ ಮುಂಚೆ ಹುಟ್ಟಿನಿಂದಲೇ ಅದಕ್ಕೆ ಅಂಟಿರುವ ಗೋಂದನ್ನು ಕುದಿಸಿ ತೆಗೆಯಬೇಕು. ಎಲ್ಲಾದರೂ ಸ್ವಲ್ಪ ಗೋಂದು ಉಳಿದರೆ ಅಲ್ಲಿ ಬಣ್ಣ ಕೂರುವುದಿಲ್ಲ. ಒಣ ಲಡಿಯಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೆ ಅವಳು ಪ್ರತಿ ಲಡಿಯನ್ನೂ ತೆಳುವಾದ ಹುಳಿನೀರಿನಲ್ಲಿ ಅದ್ದಿ, ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದಳು. ನೆಂದ ಲಡಿಯಲ್ಲಿ ನೆನೆಯದ ಜಾಗ ಮಂಕಾಗಿ ಎದ್ದು ಕಾಣುತ್ತಿತ್ತು. ಅಲ್ಲಿಗೆ ಒಂದು ದಾರ ಕಟ್ಟಿ ಪಕ್ಕಕ್ಕಿಡುತ್ತಿದ್ದಳು. ಓಣಿಯವರು ಅವಳನ್ನು 'ದುರ್ಬೀನು' ಎನ್ನುತ್ತಿದ್ದರು.

ಇಂಥ ಕಣ್ಣಿನಿಂದ ಗಂಡ ಎಷ್ಟು ದಿನ ತಪ್ಪಿಸಿಕೊಂಡಾನು? ಒಂದು ಮಧ್ಯಾಹ್ನ ಅವಳು ಊಟದ ಡಬ್ಬಿ ತಂದು ಕಟ್ಟೆಯ ಮೇಲಿಟ್ಟಳು. ಬಾಗಿಲು ಹಾಕಿದಳು.

"ಯಾರವಳು?"

"ಯಾವಳು?"

"ಅದನ್ನೇ ನಾನು ಕೇಳ್ತಿರೋದು."

"ನಿನಗೆ ತಲೆ ಕೆಟ್ಟಿದೆಯಾ? ಯಾರೂ ಇಲ್ಲ."

"ಮತ್ತೆ ನನ್ನ ಪಕ್ಕ ಮಲಗೋಕೆ ಏನು ಕಷ್ಟ ನಿಮಗೆ? ಮೈಯಲ್ಲಿ ಮುಳ್ಳಿದೆಯಾ ನನಗೆ?"

"ನಾನೇ ನಿನ್ನನ್ನ ಒಂದು ಮಾತು ಕೇಳಬೇಕು ಅಂತಿದ್ದೆ" ಎಂದುಬಿಟ್ಟ ಬಣ್ಣಗಾರ. ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡ.

ಅವಳು ಅವನನ್ನೇ ನೋಡಿದಳು. ಲಡಿ ನೋಡುವ ಹಾಗೆ. "ಕೇಳಿ."

ಅವನಿಗೆ ಕೇಳಲಾಗಲಿಲ್ಲ. ಬದಲಿಗೆ ಎಲ್ಲವನ್ನೂ ಹೇಳಿದ. ತೋರಿಸಿದ. ಅವಳ ಮುಖದ ಮೇಲೆ ಸಿಟ್ಟು, ಅನುಮಾನ, ಕರುಣೆ ಒಂದರ ಹಿಂದೊಂದು ಬಂದು ಹೋದವು. ಕೊನೆಗೆ ಉಳಿದದ್ದು ಬೆರಗು.

"ಆಸಿಡ್ ಹಾಕಿದ್ರಾ? ಅಲ್ಲಿಗೆ? ಅಯ್ಯೋ ದೇವರೇ! ತಲೆನೋವು ಬಂದ್ರೆ ತಲೆ ತಗೊಂಡು ಹೋಗಿ ಕುದಿಯೋ ತೊಟ್ಟಿಗೆ ಅದ್ದುತೀರಾ?"

"ಕೈಗೆ ಹಾಕ್ತೀವಲ್ಲ..."

"ಅದು ಕೈ!" ಎಂದು ಅವಳು ಡಬ್ಬಿಯ ಮುಚ್ಚಳವನ್ನು ಕುಕ್ಕಿದಳು. "ನನ್ನ ಮೇಲೆ ಅನುಮಾನ ಪಟ್ರಲ್ಲ, ಅದನ್ನ ಆಮೇಲೆ ವಿಚಾರಿಸ್ಕೋತೀನಿ. ಸಾಲದ ಹಂಗೆ ಬಾಕಿ ಇರಲಿ ಅದು. ಈಗ ಊಟ ಮಾಡಿ, ಏಳಿ. ಆಸ್ಪತ್ರೆಗೆ ನಡೀರಿ."

ಓಣಿ ದಾಟಿದರೆ ಆರೋಗ್ಯ ಕೇಂದ್ರ. ಅಲ್ಲಿನ ಡಾಕ್ಟರು ಹುಣ್ಣು ನೋಡಿ ಮುಲಾಮು ಕೊಟ್ಟರು. ಸುಟ್ಟ ಗಾಯ ಮಾಯಲಿ, ಆಮೇಲೆ ನರಹುಲಿಗಳನ್ನು ಅತಿ ತಣ್ಣನೆಯ ಔಷಧದಿಂದ ಮರಗಟ್ಟಿಸಿ ಉದುರಿಸೋಣ ಎಂದರು. "ಇಬ್ಬರೂ ಸಿಸ್ಟರ್ ಹತ್ತಿರ ಕೂತು ಮಾತಾಡಿ ಹೋಗಿ" ಎಂದು ಪಕ್ಕದ ಕೋಣೆಗೆ ಕಳಿಸಿದರು.

ಸಿಸ್ಟರಮ್ಮ ಹೊಸಬಳಲ್ಲ. ಅವಳ ಹಳೆಯ ಬಟ್ಟೆಗಳಿಗೆ ವರ್ಷಕ್ಕೊಮ್ಮೆ ಬಣ್ಣ ಏರುತ್ತಿದ್ದದ್ದು ಇವರ ತೊಟ್ಟಿಯಲ್ಲೇ. ಬಣ್ಣಗಾರ ನೆಲ ನೋಡುತ್ತ ಕೂತ.

"ಅಣ್ಣಾ, ನಾಚ್ಕೋಬೇಡಿ. ಈ ಕುರ್ಚಿ ಮೇಲೆ ನಿಮ್ಮ ಥರ ಬಹಳ ಜನ ಕೂತು ಎದ್ದು ಹೋಗಿದ್ದಾರೆ. ಇದಕ್ಕೆ ಕಾರಣ ಎಚ್‌ಪಿವಿ ಅಂತ ಒಂದು ವೈರಸ್. ಗಂಡು ಹೆಣ್ಣು ಕೂಡಿದಾಗ, ಆ ಭಾಗದ ಚರ್ಮಕ್ಕೆ ಚರ್ಮ ತಾಗಿ ಹರಡುತ್ತೆ. ಸಂಸಾರ ಮಾಡೋ ಜನರಲ್ಲಿ ಹೆಚ್ಚಿನವರಿಗೆ ಬದುಕಲ್ಲಿ ಒಂದಲ್ಲ ಒಂದು ಸಲ ತಗುಲೇ ತಗುಲುತ್ತೆ. ಬಂದದ್ದೂ ಗೊತ್ತಾಗಲ್ಲ, ಹೋದದ್ದೂ ಗೊತ್ತಾಗಲ್ಲ."

"ಹೋಗುತ್ತಾ ಇದು?"

"ಬಹಳಷ್ಟು ಜನರಲ್ಲಿ ಒಂದೆರಡು ವರ್ಷದೊಳಗೆ ಮೈಯೇ ಅದನ್ನ ಅಡಗಿಸಿಬಿಡುತ್ತೆ. ಔಷಧ ಇಲ್ಲದೆ, ಸದ್ದಿಲ್ಲದೆ."

ಬಣ್ಣಗಾರ ತನ್ನ ನೀಲಿ ಕೈಗಳನ್ನು ನೋಡಿಕೊಂಡ. ಈ ಚರ್ಮದೊಳಗೆ ತನಗೆ ಗೊತ್ತಿಲ್ಲದೆ ಹಗಲಿರುಳು ಯಾರೋ ಕಾವಲು ಕಾಯುತ್ತಿದ್ದಾರೆ. ತಾನು ಊಟ ಮಾಡುವಾಗ, ಬೈಯುವಾಗ, ಮಲಗಿದಾಗ ಕೂಡ. ಇಟ್ಟವನು ಏನೆಲ್ಲ ಇಟ್ಟಿದ್ದಾನಪ್ಪಾ ಎಂದುಕೊಂಡ.

ಹೆಂಡತಿ ಕೇಳಬೇಕಾದ್ದನ್ನು ಕೇಳಿಯೇಬಿಟ್ಟಳು. "ಹಂಗಾದ್ರೆ ಇದು ಯಾರಿಂದ ಬಂತು ಸಿಸ್ಟರಮ್ಮಾ? ಇವರು ನನ್ನ ಕೇಳೋಕೆ ಬಾಯಿ ತೆಗೆದು ಮುಚ್ಚಿದ್ರು. ನಾನೂ ಇವರನ್ನ ಕೇಳ್ದೆ."

"ಅಕ್ಕಾ, ಅದನ್ನ ಹೇಳೋ ಪರೀಕ್ಷೆ ಲೋಕದಲ್ಲೇ ಇಲ್ಲ. ತಗುಲಿ ಕೆಲವೇ ವಾರಕ್ಕೆ ನರಹುಲಿ ಏಳಬಹುದು, ತಿಂಗಳುಗಳಾದ ಮೇಲೆ ಏಳಬಹುದು, ವರ್ಷಗಟ್ಟಲೆ ಒಳಗೇ ಕೂತಿದ್ದು ಆಮೇಲೂ ಏಳಬಹುದು. ಮದುವೆಗೆ ಮುಂಚಿನದೋ ಆಮೇಲಿನದೋ, ಇವರದೋ ನಿಮ್ಮದೋ, ಯಾವ ಡಾಕ್ಟರೂ ಹೇಳೋಕಾಗಲ್ಲ. ಈ ವೈರಸ್ಸು ಯಾರ ಪರವಾಗೂ ಸಾಕ್ಷಿ ಹೇಳಲ್ಲ, ಯಾರ ವಿರುದ್ಧವೂ ಹೇಳಲ್ಲ. ಅದನ್ನ ನಂಬಿ ಮನೆ ಒಡ್ಕೋಬೇಡಿ."

ಬಣ್ಣಗಾರನ ಎದೆಯ ಮೇಲಿದ್ದ ಒದ್ದೆ ನೂಲಿನ ಹೊರೆ ಯಾರೋ ಇಳಿಸಿದ ಹಾಗಾಯಿತು. ತಲೆಯೆತ್ತಿದ. ಎದುರು ಗೋಡೆಯ ಮೇಲೆ ಒಂದು ಚಿತ್ರ. ಗರ್ಭಕೋಶ, ಅದರ ಕೆಳಗೆ ಸಣ್ಣ ಕೊರಳು. ಚಿತ್ರದ ಕೆಳಗಿನ ಸಾಲನ್ನು ಅವನು ನಿಧಾನವಾಗಿ ಓದಿದ: ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣ ಎಚ್‌ಪಿವಿ.

ಅವನು ಹೆಂಡತಿಯ ಕಡೆ ನೋಡಿದ. "ಸಿಸ್ಟರಮ್ಮಾ... ನನ್ನಿಂದ ಇವಳಿಗೆ..."

"ಪೂರ್ತಿ ಕೇಳಿ ಅಣ್ಣಾ. ಎಚ್‌ಪಿವಿ ಒಂದೇ ಅಲ್ಲ, ದೊಡ್ಡ ಕುಟುಂಬ ಅದು. ನೂರಕ್ಕೂ ಹೆಚ್ಚು ಬಗೆ. ನರಹುಲಿ ಎಬ್ಬಿಸೋರು ಬೇರೆ, ಕ್ಯಾನ್ಸರ್ ತರೋರು ಬೇರೆ. ನರಹುಲಿಯವರದ್ದು ಗಲಾಟೆ ಜಾಸ್ತಿ, ಅಪಾಯ ಕಡಿಮೆ. ಇನ್ನೊಬ್ಬರಿದ್ದಾರಲ್ಲ, ಅವರು ಗುಳ್ಳೆ ಎಬ್ಬಿಸಲ್ಲ, ನೋವು ಕೊಡಲ್ಲ. ಸುಮ್ಮನೆ ಗರ್ಭದ ಕೊರಳಲ್ಲಿ ಕೂತಿರ್ತಾರೆ. ಹೆಚ್ಚಿನ ಹೆಂಗಸರಲ್ಲಿ ಅವರೂ ತಾವಾಗೇ ಹೋಗ್ತಾರೆ. ಕೆಲವರಲ್ಲಿ ಮಾತ್ರ ಹೋಗದೆ ವರ್ಷಗಟ್ಟಲೆ ಉಳೀತಾರೆ. ಅಂಥವರಲ್ಲಿ ನಿಧಾನಕ್ಕೆ ಕೊರಳಿನ ಚರ್ಮ ಬದಲಾಗುತ್ತೆ. ಹಂಗೇ ಬಿಟ್ರೆ ಹತ್ತು ಹದಿನೈದು ವರ್ಷಕ್ಕೆ ಕ್ಯಾನ್ಸರ್ ಆಗಬಹುದು."

"ಅಂದ್ರೆ ಇವರ ನರಹುಲಿಯಿಂದ ನನಗೆ ಕ್ಯಾನ್ಸರ್ ಬರಲ್ಲ ತಾನೆ?" ಎಂದಳು ಹೆಂಡತಿ.

"ಆ ನರಹುಲಿ ಕ್ಯಾನ್ಸರಿನ ಗುರುತಲ್ಲ. ಆದ್ರೆ ಒಬ್ಬ ಬಂದ ದಾರಿಯಲ್ಲಿ ಅವನ ದಾಯಾದಿಯೂ ಬಂದಿರಬಹುದು. ಗಂಡನಿಗೆ ನರಹುಲಿ ಇರಲಿ, ಇಲ್ಲದೆ ಇರಲಿ, ಮೂವತ್ತು ದಾಟಿದ ಹೆಂಗಸು ಕೊರಳಿನ ಪರೀಕ್ಷೆ ಮಾಡಿಸ್ಲೇಬೇಕು. ನೀವು ಯಾವತ್ತಾದ್ರೂ ಮಾಡಿಸಿದ್ದೀರಾ?"

ಹೆಂಡತಿ ಚೀಲ ಎತ್ತಿಕೊಂಡು ಎದ್ದು ನಿಂತಳು. "ನನಗೇನಾಗಿದೆ? ಗಟ್ಟಿಮುಟ್ಟಾಗಿದ್ದೀನಿ. ಬೆಳಿಗ್ಗೆ ತಾನೆ ಒದ್ದೆ ಲಡಿಯ ಬುಟ್ಟಿ ಹೊತ್ತು ಮಹಡಿ ಹತ್ತಿದ್ದೀನಿ. ಹುಣ್ಣು ಇವರಿಗೆ, ಪರೀಕ್ಷೆಯ ಮೇಜು ಹತ್ತೋದು ನಾನಾ? ಚೆನ್ನಾಗಿದೆ ನ್ಯಾಯ!"

ಸಿಸ್ಟರಮ್ಮ ಬಲವಂತ ಮಾಡಲಿಲ್ಲ. "ಮನಸ್ಸಾದ ದಿನ ಬನ್ನಿ ಅಕ್ಕಾ" ಎಂದಷ್ಟೇ ಹೇಳಿದಳು.

ಬಣ್ಣಗಾರನ ಚಾಪೆ ಮನೆಗೆ ವಾಪಸು ಬಂತು. ಹುಣ್ಣು ಮಾಯಿತು. ನರಹುಲಿಗಳನ್ನು ಡಾಕ್ಟರು ಮರಗಟ್ಟಿಸಿದರು. ಒಂದೆರಡು ಮತ್ತೆ ತಲೆಯೆತ್ತಿದವು, ಬಣ್ಣಗಾರ ಮತ್ತೆ ಹೋಗಿ ತೋರಿಸಿ ಬಂದ. ಹೀಗೆ ಮರಳಿ ಏಳುವುದು ಸಾಮಾನ್ಯ, ಹೆದರಬೇಡಿ, ಪೂರ್ತಿ ಹೋಗುವ ತನಕ ಕೂಡುವುದು ಬೇಡ ಎಂದು ಅವರು ಮೊದಲೇ ಹೇಳಿದ್ದರು. ಆಮೇಲೂ ಸ್ವಲ್ಪ ಕಾಲ ಕಾಂಡೋಮ್ ಬಳಸಿ, ಅದು ಪೂರ್ತಿ ತಡೆಯದಿದ್ದರೂ ಅಪಾಯ ಕಡಿಮೆ ಮಾಡುತ್ತದೆ ಎಂದೂ ಹೇಳಿದ್ದರು. ಎಲ್ಲ ಸರಿಯಾಗುತ್ತಿತ್ತು. ಆದರೆ ಬಣ್ಣಗಾರನಿಗೆ ಅನ್ನ ರುಚಿಸುತ್ತಿರಲಿಲ್ಲ. ಹೆಂಡತಿ ನಗುತ್ತ ಮಗಳ ತಲೆ ಬಾಚುವಾಗ, ಗಳದ ಮೇಲೆ ಲಡಿ ಹರವುವಾಗ, ಅವನಿಗೆ ಗೋಡೆಯ ಮೇಲಿನ ಆ ಚಿತ್ರವೇ ಕಾಣುತ್ತಿತ್ತು. ಸದ್ದು ಮಾಡದೆ ಕೂತಿರ್ತಾರೆ ಎಂದಳಲ್ಲ ಸಿಸ್ಟರಮ್ಮ.

ಒಂದು ಬೆಳಿಗ್ಗೆ ಹೆಂಡತಿ ಕಿಟಕಿಯ ಬಳಿ ನಿಂತು ಲಡಿಯನ್ನು ಹುಳಿನೀರಿನಲ್ಲಿ ಅದ್ದಿ ಎತ್ತಿದಳು. ನೀರು ಇಳಿಯಿತು. ಬೆಳಕು ನೂಲಿನೊಳಗೆ ಹರಿಯಿತು. ಅವಳ ಬೆರಳು ಒಂದು ಕಡೆ ನಿಂತಿತು, ಅಲ್ಲಿ ಮಂಕು.

ಬಣ್ಣಗಾರ ಹತ್ತಿರ ಬಂದ. "ಒಣಗಿದ್ದಾಗ ಅದು ಕಂಡಿತ್ತಾ?"

"ಒಣ ಲಡಿಯಲ್ಲಿ ಯಾರಿಗೆ ಕಾಣುತ್ತೆ? ಇಷ್ಟು ವರ್ಷ ಆಯ್ತು, ಇದೇನು ಹೊಸ ಪ್ರಶ್ನೆ?"

"ಲಡಿ ಏನಾದ್ರೂ ಹೇಳಿತ್ತಾ, ನನಗಿಲ್ಲಿ ತೊಂದರೆ ಇದೆ ಅಂತ?"

ಅವಳು ತಿರುಗಿ ನೋಡಿದಳು. ಕೈಯಲ್ಲಿದ್ದ ಲಡಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ನಿನ್ನ ಮೇಲೆ ಅನುಮಾನ ಪಟ್ಟೆ. ತಪ್ಪಾಯ್ತು" ಎಂದ ಬಣ್ಣಗಾರ. "ಅದಕ್ಕೆ ನೀನು ಏನು ಶಿಕ್ಷೆ ಬೇಕಾದ್ರೂ ಕೊಡು. ಆದ್ರೆ ಯಾರದೋ ಮನೆಯ ನೂಲನ್ನ ಇಷ್ಟು ಜತನದಿಂದ ನೋಡ್ತೀಯಲ್ಲ. ನಿನ್ನನ್ನ ಒಂದು ಸಲ ಬೆಳಕಿಗೆ ಹಿಡಿಯೋಕೆ ಬಿಡು."

ಅವಳು ಬಹಳ ಹೊತ್ತು ಆ ಮಂಕಾದ ಜಾಗವನ್ನೇ ನೋಡುತ್ತ ನಿಂತಳು. ಆಮೇಲೆ ಅಲ್ಲಿಗೆ ದಾರ ಕಟ್ಟಿ, ಕೈ ಒರೆಸಿಕೊಂಡಳು. "ಮಾತು ಬರಲ್ಲ ಅಂತ ನಂಬ್ಕೊಂಡು ನಿಮ್ಮನ್ನ ಕಟ್ಕೊಂಡೆ" ಎಂದಳು. "ಮೋಸ ಹೋದೆ. ನಡೀರಿ."

ಆರೋಗ್ಯ ಕೇಂದ್ರದಲ್ಲಿ ಅವಳು ಪರದೆಯ ಹಿಂದೆ ಹೋದಳು. ಅವನು ಈಚೆ ಬೆಂಚಿನ ಮೇಲೆ ಕೂತ. ಲೋಹದ ಸಾಮಾನು ತಟ್ಟೆಗೆ ತಾಗಿದ ಸದ್ದು. ಸಿಸ್ಟರಮ್ಮನ ಮೆಲುದನಿ: "ಮೈ ಸಡಿಲ ಬಿಡಿ ಅಕ್ಕಾ, ಉದ್ದಕ್ಕೆ ಉಸಿರು ತಗೊಳ್ಳಿ." ಆಮೇಲೆ ಪರದೆಯ ಸಂದಿನಿಂದ ಒಂದು ವಾಸನೆ ಬಂತು. ಬಣ್ಣಗಾರನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹುಟ್ಟಿದಾಗಿನಿಂದ ಮೂಗಿಗೆ ಹತ್ತಿದ ವಾಸನೆ. ಹುಳಿ!

ಅವನು ಬೆಂಚಿನಿಂದ ಹಾರಿ ಎದ್ದ. ತನ್ನ ಮೈ ಸುಟ್ಟ ಗಳಿಗೆ ಕಣ್ಣೆದುರು ಬಂತು. "ಸಿಸ್ಟರಮ್ಮಾ! ಆಸಿಡ್ ಬೇಡ! ನಾನು ಮಾಡಿದ ತಪ್ಪು ಮಾಡಬೇಡಿ!"

ಪರದೆಯ ಆಚೆಯಿಂದ ಹೆಂಡತಿಯ ದನಿ ಬಂತು: "ಸುಮ್ಮನೆ ಕೂತ್ಕೊಳ್ರೀ, ಮಾನ ತೆಗೀಬೇಡಿ. ತಣ್ಣಗಿದೆ!"

ಸಿಸ್ಟರಮ್ಮ ನಕ್ಕಳು. "ಅಣ್ಣಾ, ಇದು ಅಡುಗೆಮನೆಯ ವಿನೆಗರಿನಷ್ಟು ತೆಳು. ಆಸ್ಪತ್ರೆಯಲ್ಲಿ ಅಳತೆ ಮಾಡಿ ಬೆರೆಸಿದ್ದು. ಸುಡಲ್ಲ. ಗರ್ಭದ ಕೊರಳಿಗೆ ಸವರಿ ಒಂದು ನಿಮಿಷ ಕಾಯ್ತೀವಿ. ಸರಿಯಾಗಿರೋ ಚರ್ಮ ಹಂಗೇ ಗುಲಾಬಿ ಇರುತ್ತೆ. ಬದಲಾಗಿರೋ ಜಾಗ ಇದ್ರೆ ಬೆಳ್ಳಗೆ ಎದ್ದು ಕಾಣುತ್ತೆ."

ಬಣ್ಣಗಾರ ಕೂತ. ಅದೇ ಹುಳಿನೀರು! ಅವನ ಅಜ್ಜ ಬೆರೆಸಿದ್ದು, ಅಪ್ಪ ಬೆರೆಸಿದ್ದು, ತನ್ನ ಹೆಂಡತಿ ದಿನಾ ಕೈಯದ್ದುವುದು. ನೂಲಿನ ಒಳಗನ್ನು ತೋರಿಸುವ ನೀರು ಮನುಷ್ಯರ ಒಳಗನ್ನೂ ತೋರಿಸುತ್ತದೆಯೇ? ಆ ಒಂದು ನಿಮಿಷ ಅವನಿಗೆ ಉಸಿರಾಡಿದ ನೆನಪಿಲ್ಲ.

ಆಮೇಲೆ ಸಿಸ್ಟರಮ್ಮ ಹೊರಗೆ ಬಂದು ಡಾಕ್ಟರನ್ನು ಕರೆದಳು. ಡಾಕ್ಟರು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಹೆಂಡತಿಯೇ ಕೂಗಿದಳು. "ಇಲ್ಲಿ ಬನ್ನಿ. ನಾನೇ ಹೇಳಿದ್ದೀನಿ, ಬನ್ನಿ. ಇದನ್ನ ನೀವು ನೋಡಬೇಕು."

ಅವಳು ಹೊದಿಕೆ ಹೊದ್ದು ಒರಗಿದ್ದಳು. ಪಕ್ಕದಲ್ಲಿ ಸಣ್ಣ ಪರದೆಯ ಮೇಲೆ ಕ್ಯಾಮೆರಾದಲ್ಲಿ ತೆಗೆದ ಎರಡು ಚಿತ್ರ. ಮೊದಲನೆಯದು ಹುಳಿ ಸವರುವ ಮುಂಚಿನದು. ದುಂಡಗೆ, ನುಣ್ಣಗೆ, ಮುಂಜಾವದ ಬಣ್ಣದ ಗುಲಾಬಿ. ಎಲ್ಲೂ ಒಂದು ಕೊರತೆಯಿಲ್ಲ. ಎರಡನೆಯದು ಆಮೇಲಿನದು. ಅದೇ ಗುಲಾಬಿಯ ಅಂಚಿನಲ್ಲಿ, ಕಿರುಬೆರಳಿನ ಉಗುರಿನಷ್ಟು ಅಗಲಕ್ಕೆ, ಸುಣ್ಣ ಹಚ್ಚಿದ ಹಾಗೆ ಒಂದು ಬಿಳಿ.

"ಮೊದಲಿಂದಲೂ ಇತ್ತು ನೋಡಿ" ಎಂದಳು ಹೆಂಡತಿ ಮೆಲ್ಲಗೆ. ಅವಳ ದನಿಯಲ್ಲಿ ಭಯಕ್ಕಿಂತ ಬೆರಗೇ ಹೆಚ್ಚಿತ್ತು. "ಒಣ ಲಡಿಯ ಹಂಗೆ ಇದ್ದೆ ನಾನು."

ಬಣ್ಣಗಾರ ಆ ಬಿಳಿಯತ್ತ ಬೆರಳು ತೋರಿಸಿದ. "ಇದು... ಆ ಕಾಯಿಲೆನಾ ಡಾಕ್ಟ್ರೇ?"

"ಅಲ್ಲ. ಕ್ಯಾನ್ಸರ್ ಆಗೋ ದಾರಿಯಲ್ಲಿ ಇನ್ನೂ ಮೊದಲ ಹೆಜ್ಜೆಯಲ್ಲಿರೋ ಬದಲಾವಣೆ ಇದು. ಬಿಟ್ಟಿದ್ರೆ ತಾನಾಗೇ ಹೋಗ್ತಿತ್ತೋ, ಬೆಳೀತಿತ್ತೋ ಹೇಳೋಕಾಗಲ್ಲ. ಕಂಡ ಮೇಲೆ ಬಿಡೋದ್ಯಾಕೆ? ನಿಮ್ಮ ಮನೆಯವರು ಒಪ್ಪಿದ್ರೆ ಈಗಲೇ, ಇಲ್ಲೇ, ಆ ಜಾಗಕ್ಕೆ ಮಾತ್ರ ಶಾಖ ಕೊಟ್ಟು ತೆಗೆದುಬಿಡ್ತೀವಿ. ಕೆಲವೇ ನಿಮಿಷದ ಕೆಲಸ. ಮುಟ್ಟಿನ ನೋವಿನಷ್ಟು ನೋವಾಗಬಹುದು."

"ಎಲ್ಲಾ ಹೆಂಗಸರಿಗೂ ಹಿಂಗೆ ಕಾಣುತ್ತಾ?" ಎಂದು ಕೇಳಿದಳು ಹೆಂಡತಿ.

"ಇಲ್ಲ ಅಕ್ಕಾ" ಎಂದಳು ಸಿಸ್ಟರಮ್ಮ. "ಹೆಚ್ಚಿನವರಿಗೆ ಏನೂ ಕಾಣಲ್ಲ. ಮನೆಗೆ ಹೋಗಿ ನೆಮ್ಮದಿಯಾಗಿ ನಿದ್ದೆ ಮಾಡ್ತಾರೆ. ಕಂಡವರಿಗೂ ನಿಮ್ಮ ಥರ ಬೇಗ ಕಂಡ್ರೆ ಬೇಗ ಮುಗಿಯುತ್ತೆ."

ಹೆಂಡತಿ ಗಂಡನ ಕಡೆ ತಿರುಗಿದಳು. "ನಾವು ಕಲೆ ಸಿಕ್ಕಿದ ಲಡಿ ಏನು ಮಾಡ್ತೀವಿ? ಎಸೀತೀವಾ?"

"ಎಲ್ಲಾದ್ರೂ ಉಂಟಾ! ಆ ಜಾಗ ಸರಿ ಮಾಡ್ತೀವಿ."

"ಮಾಡಿ ಡಾಕ್ಟ್ರೇ" ಎಂದಳು ಅವಳು.

ಮುಗಿಯಿತು. ಒಂದು ತಿಂಗಳು ಕೂಡುವುದು ಬೇಡ, ಭಾರ ಎತ್ತುವುದು ಸ್ವಲ್ಪ ದಿನ ಬೇಡ, ಜ್ವರ ಬಂದರೆ, ಹೆಚ್ಚು ರಕ್ತ ಹೋದರೆ ಕೂಡಲೇ ಬರಬೇಕು, ಮುಂದಿನ ವರ್ಷ ತಪ್ಪದೆ ಮತ್ತೆ ಪರೀಕ್ಷೆ ಎಂದು ಹೇಳಿ ಕಳಿಸಿದರು.

ಇಳಿಬಿಸಿಲಿನಲ್ಲಿ ಇಬ್ಬರೂ ಓಣಿಗೆ ನಡೆದು ಬಂದರು. ಗಳಗಳ ಮೇಲೆ ಕೆಂಪು, ಹಳದಿ, ನೀಲಿ ಲಡಿಗಳು ಗಾಳಿಗೆ ಅಲ್ಲಾಡುತ್ತಿದ್ದವು. ಬಣ್ಣಗಾರನಿಗೆ ಅವನ್ನು ಮೊದಲ ಸಲ ನೋಡಿದ ಹಾಗಾಯಿತು. ಹೆಂಡತಿ ದಾರಿಯ ನಡುವೆ ನಿಂತಳು.

"ಎಷ್ಟು ಚೆಂದ ಇತ್ತಲ್ರೀ ಅದು" ಎಂದಳು.

"ಯಾವುದು?"

"ಮೊದಲನೇ ಚಿತ್ರ. ಇಷ್ಟು ವರ್ಷ ನನ್ನೊಳಗೇ ಇತ್ತು, ನಾನು ನೋಡಿರಲಿಲ್ಲ. ನಮ್ಮ ಮಗಳು ಈ ಲೋಕಕ್ಕೆ ಬಂದ ಬಾಗಿಲು ಅದು." ಸ್ವಲ್ಪ ತಡೆದು ಹೇಳಿದಳು, "ದೇವರು ಒಂದು ಬಾಗಿಲು ಅಂತ ಇಟ್ಟ ಮೇಲೆ ನಾವು ಆಗಾಗ ಗುಡಿಸಿ ನೋಡ್ಬೇಕಲ್ವಾ?"

ಬಣ್ಣಗಾರ ಅವಳ ಕೈಚೀಲವನ್ನು ತಾನು ತೆಗೆದುಕೊಂಡ. ಓಣಿಯಲ್ಲಿ ಗಂಡಸರು ಹೆಂಗಸರ ಚೀಲ ಹಿಡಿಯುವುದು ಕಡಿಮೆ. ಜನ ನೋಡಿದರು. ನೋಡಲಿ ಎಂದುಕೊಂಡ.

ಮಗಳಿಗೆ ಆಗ ಹನ್ನೆರಡು. ಅವಳಿಗೆ ಎಚ್‌ಪಿವಿ ಲಸಿಕೆ ಹಾಕಿಸುವುದೆಂದು ಆ ವಾರವೇ ತೀರ್ಮಾನವಾಯಿತು. ಸುದ್ದಿ ಕೇಳಿ ರೇಡಿಯೋ ಸೌದೆ ಕೆಳಗಿಟ್ಟ.

"ಅತ್ತಿಗೆ, ಹಾಲು ಕುಡಿಯೋ ಮಗು ಥರ ಇದ್ದಾಳೆ ಹುಡುಗಿ. ಅವಳಿಗೆ ಯಾಕೆ ಅಂಥ ಲಸಿಕೆ? ಮುಂದೆ ಮಕ್ಕಳಾಗಲ್ವಂತೆ!"

"ಯಾರು ಹೇಳಿದ್ದು?"

"ಹೇಳ್ತಾರಪ್ಪ ಜನ."

"ನಿನ್ನ ಬ್ಯಾಟರಿ ಹಳೇದಾಗಿದೆ, ಬದಲಾಯಿಸು" ಎಂದಳು ಬಣ್ಣಗಾರನ ಹೆಂಡತಿ. "ಗೋಂದು ತೆಗೆಯೋದು ಬಣ್ಣ ಹಾಕೋಕೆ ಮುಂಚೆನೋ, ಆಮೇಲೋ?"

"ಮುಂಚೆ. ಅದು ಗೊತ್ತಿಲ್ವಾ ನನಗೆ?"

"ಲಸಿಕೆಯೂ ಅಷ್ಟೇ. ಆ ವೈರಸ್ಸು ತಾಗೋ ವಯಸ್ಸಿಗೆ ಮುಂಚೆನೇ ಹಾಕಿಸಿದ್ರೆ ಬಲ ಜಾಸ್ತಿ. ಒಂಬತ್ತರಿಂದ ಹದಿನಾಲ್ಕು ಒಳ್ಳೆ ವಯಸ್ಸು. ಗಂಡುಹುಡುಗರಿಗೂ ಹಾಕಬಹುದಂತೆ. ಮಕ್ಕಳಾಗೋಕೆ ಏನೂ ತೊಂದರೆ ಇಲ್ಲ, ಗರ್ಭದ ಕೊರಳನ್ನ ಕಾಯೋ ಲಸಿಕೆ ಅದು. ಹಾಕಿಸ್ಕೊಂಡವಳೂ ದೊಡ್ಡವಳಾದ ಮೇಲೆ ಪರೀಕ್ಷೆ ಬಿಡಬಾರದು, ಅಷ್ಟೇ."

ರೇಡಿಯೋ ಮೊದಲ ಬಾರಿಗೆ ಸುಮ್ಮನಾದ. ಸಂಜೆ ಬೆಂಕಿ ಆರಿಸಿದ ಮೇಲೂ ಹೊರಡಲಿಲ್ಲ. ಬಣ್ಣಗಾರನ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದ: "ಅಣ್ಣಾ, ಆ ಆಸ್ಪತ್ರೆಯಲ್ಲಿ ಯಾವ ದಿನ ನೋಡ್ತಾರೆ? ನಮ್ಮ ಮನೆಯವಳಿಗೆ ಮುಟ್ಟು ನಿಂತು ವರ್ಷಗಳಾಯ್ತು. ಈಗ ಮತ್ತೆ ರಕ್ತ ಕಾಣ್ತಿದೆ. ಸುಸ್ತಿಗೆ ಇರಬಹುದು ಅಂತ ಸುಮ್ಮನಿದ್ದೀವಿ."

ಬಣ್ಣಗಾರನ ಕೈಯಲ್ಲಿದ್ದ ಲಡಿ ತೊಟ್ಟಿಗೆ ಬಿತ್ತು. "ದಿನ ಕೇಳಬೇಡ ಕಣಪ್ಪಾ. ನಾಳೆ ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೆ ನೀವಿಬ್ಬರೂ ಅಲ್ಲಿರಬೇಕು. ಒಲೆ ನಾನು ಹೊತ್ತಿಸ್ತೀನಿ."

ರೇಡಿಯೋ ತಲೆಯಾಡಿಸಿ ಹೊರಟ. ಬಣ್ಣಗಾರ ಗಟ್ಟಿ ಹುಳಿಯ ಜಾಡಿಯನ್ನು ಎತ್ತಿ ಎತ್ತರದ ಗೂಡಿನಲ್ಲಿಟ್ಟ. ಅದರ ಮೇಲೆ ನೀಲಿ ಬಣ್ಣದಲ್ಲಿ ದಪ್ಪಗೆ ಬರೆದ: 'ಇದು ನೂಲಿಗೆ. ಮೈಗೆ ಅಲ್ಲ.'

ಈ ಕಥೆ ಕೇಳಿದ ಅಕ್ಕ, ಅಣ್ಣ, ತಂಗಿಯರೇ, 'ನಮಗೇನಾಗಿದೆ' ಎಂದು ನೀವೂ ಅಂದುಕೊಂಡಿರಬಹುದು. ಆ ಹೆಣ್ಣುಮಗಳೂ ಹಾಗೇ ಅಂದುಕೊಂಡಿದ್ದಳು. ಗುಪ್ತಾಂಗದಲ್ಲಿ ನರಹುಲಿ ಕಂಡರೆ ಅದನ್ನು ಸುಡಬೇಡಿ, ಕುಯ್ಯಬೇಡಿ, ಮುಚ್ಚಿಡಬೇಡಿ; ಡಾಕ್ಟರಿಗೆ ತೋರಿಸಿ. ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿ ಮನೆ ಕೆಡಿಸಿಕೊಳ್ಳಬೇಡಿ. ಮೂವತ್ತು ದಾಟಿದ ಹೆಂಗಸರು, ನೋವಿರಲಿ ಇಲ್ಲದಿರಲಿ, ಗರ್ಭಕೊರಳಿನ ಪರೀಕ್ಷೆಯನ್ನು ಮಾಡಿಸಿ. ಮತ್ತೆ ಯಾವಾಗ ಬರಬೇಕೆಂದು ಅಲ್ಲೇ ಕೇಳಿಕೊಂಡು ಬನ್ನಿ. ಕೂಡಿದ ಮೇಲೆ, ಮುಟ್ಟಿನ ನಡುವೆ, ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಕೆಟ್ಟ ವಾಸನೆಯ ಬಿಳಿಸೆರಗು ನಿಲ್ಲದಿದ್ದರೆ, ಒಂದು ದಿನವೂ ತಡಮಾಡಬೇಡಿ. ಮಗಳಿಗೆ ಹೊತ್ತಿಗೆ ಸರಿಯಾಗಿ ಲಸಿಕೆ ಹಾಕಿಸಿ. ಗಂಡಸರೇ, ಪರದೆಯ ಈಚೆ ಬೆಂಚಿನ ಮೇಲೆ ಕೂರಲು ನೀವೂ ಜೊತೆಗೆ ಹೋಗಿ.

ನಮ್ಮನ್ನು ಮಾಡಿದವನು ನಮ್ಮೊಳಗೆ ಇಷ್ಟು ಚೆಂದವನ್ನಿಟ್ಟು, ಅದನ್ನು ಕಾಯುವ ಕಾವಲನ್ನೂ ಇಟ್ಟಿದ್ದಾನೆ. ಕಾವಲಿನ ಕಣ್ಣು ತಪ್ಪಿ ಉಳಿದದ್ದನ್ನು ತೋರಿಸಲು ಅಡುಗೆಮನೆಯ ಹುಳಿಯಷ್ಟು ಸಾದಾ ವಸ್ತುವೊಂದು ಸಾಕಾಗುವಂತೆ ಮಾಡಿದ್ದಾನೆ. ಉಳಿದದ್ದು ಒಂದೇ ಒಂದು ನಿಮಿಷದ ಧೈರ್ಯ. ಅದು ನಮ್ಮ ಪಾಲಿನದು.